ಸರ್ಕಾರ ವಾಪಸ್ ಕೊಟ್ಟ ಗಂಟೆ

ಯುದ್ಧದ ಕಾಲದಲ್ಲಿ ಸರ್ಕಾರ ಎಲ್ಲರ ಗಡಿಯಾರವನ್ನೂ ಒಂದು ಗಂಟೆ ಮುಂದಕ್ಕೆ ಇಡಿಸಿತ್ತು. ಹಲಸೂರಿನ ನಮ್ಮ ಮನೆಯಲ್ಲಿ ಅದರಿಂದ ಎರಡು ಕಾಲ ನಡೆಯತೊಡಗಿದವು. ಕಂಟೋನ್ಮೆಂಟಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ನನ್ನ ಯಜಮಾನರು ಹೊಸ ಟೈಮಿನಲ್ಲಿ ಏಳುತ್ತಿದ್ದರು, ನನ್ನ ಅತ್ತೆ ಹಳೇ ಟೈಮಿನಲ್ಲಿ. ಯಜಮಾನರು ಒಂಬತ್ತು ಗಂಟೆಗೆ ಊಟಕ್ಕೆ ಕೂತರೆ ಅತ್ತೆ, ಎಂಟಕ್ಕೆಲ್ಲ ಯಾರಿಗೆ ಹಸಿವಾಗುತ್ತೆ ಎನ್ನುತ್ತಿದ್ದರು. ಬೇಯಿಸುವವಳು ನಾನು, ಎರಡೂ ಲೆಕ್ಕ ನನ್ನ ತಲೆಯಲ್ಲೇ ಇರಬೇಕಿತ್ತು. ಬೀದಿಯಲ್ಲೂ ಹಾಗೆಯೇ. ಯಾರಾದರೂ ಇಷ್ಟು ಗಂಟೆಗೆ ಬರುತ್ತೇನೆಂದರೆ ‘ಹಳೇದಾ, ಹೊಸದಾ?’ ಎಂದು ಕೇಳಿಯೇ ಒಪ್ಪಿಕೊಳ್ಳುತ್ತಿದ್ದೆವು.

ಆ ದಿನಗಳಲ್ಲೇ ನಮ್ಮ ಬೀದಿಯ ಹಿಂದಿನ ಶಾಲೆಯ ಕೋಣೆಯೊಂದರಲ್ಲಿ ಹೆಂಗಸರ ಹೊಲಿಗೆ ಸಂಘ ಶುರುವಾಯಿತು. ಮಿಲಿಟರಿ ಆಸ್ಪತ್ರೆಯ ರೋಗಿಗಳಿಗೆ ಅಂಗಿ, ದಿಂಬಿನ ಚೀಲ ಹೊಲಿದುಕೊಡುವುದು ಕೆಲಸ. ಅಧ್ಯಕ್ಷರು ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಫ್ರೇಜರ್ ಟೌನಿನಿಂದ ಜಟಕಾದಲ್ಲಿ ಬರುತ್ತಿದ್ದರು. ನಾವೆಲ್ಲ ಅವರನ್ನು ದೊಡ್ಡ ಟೀಚರ್ ಎನ್ನುತ್ತಿದ್ದೆವು. ಮಿಷಿನ್ ಹೊಲಿಗೆ ಚೆನ್ನಾಗಿ ಬರುತ್ತಿದ್ದವಳು ಮೊದಲು ನಾನೊಬ್ಬಳೇ. ಕತ್ತರಿಸಿದ ಬಟ್ಟೆಯನ್ನು ಹಿಡಿದುಕೊಂಡು ಹೆಂಗಸರು ನನ್ನ ಹತ್ತಿರ ಬಂದು, ಇದಕ್ಕೆ ತೋಳು ಹೇಗೆ ಕೂಡಿಸುವುದು ಎಂದು ಕೇಳುತ್ತಿದ್ದರು. ಹಾಗೆ ಕೇಳಿಸಿಕೊಳ್ಳುವುದು ನನಗೆ ಬಹಳ ಹಿಡಿಸಿತ್ತು.

ಪಕ್ಕದ ಮನೆಗೆ ಗಂಡನ ಜೊತೆ ಅವಳು ಬಾಡಿಗೆಗೆ ಬಂದದ್ದು ಸಂಘ ಶುರುವಾದ ಮೇಲೆ. ನಮ್ಮದೂ ಅವರದೂ ಒಂದೇ ಗೋಡೆ. ಈಗ ಶಿವಾಜಿನಗರ ಎನ್ನುತ್ತಾರಲ್ಲ, ಆಗಿನ ಬ್ಲ್ಯಾಕ್‌ಪಳ್ಳಿ, ಅಲ್ಲಿ ಮಾರ್ಕೆಟ್ಟಿನ ಹಿಂದೆ ಅವಳ ತಂದೆಗೆ ದಾರ, ಲೇಸಿನ ಅಂಗಡಿ ಇತ್ತು. ಅಲ್ಲಿ ಬೆಳೆದವಳಾದ್ದರಿಂದ ಕನ್ನಡ, ತಮಿಳು, ದಖನಿ ಉರ್ದು ಮೂರೂ ಅವಳ ಬಾಯಲ್ಲಿ ನೀರಿನಂತೆ ಹರಿಯುತ್ತಿದ್ದವು. ದಾರದ ಅಂಗಡಿಯವರ ಮಗಳಾಗಿಯೂ ಅವಳಿಗೆ ಮಿಷಿನ್ ತುಳಿಯಲು ಬರುತ್ತಿರಲಿಲ್ಲ. ಕಲಿಸಿದವಳು ನಾನು. ಬಾಬಿನ್‌ಗೆ ದಾರ ಸುತ್ತುವುದರಿಂದ ಹಿಡಿದು ಕಾಲರು ತಿರುಗಿಸುವವರೆಗೆ ನಮ್ಮ ನಡುಮನೆಯಲ್ಲೇ ಕೂರಿಸಿಕೊಂಡು ಕಲಿಸಿದೆ, ಸಂಘಕ್ಕೂ ನಾನೇ ಕರೆದುಕೊಂಡು ಹೋದೆ. ಒಂದು ವರ್ಷದಲ್ಲಿ ಅವಳ ಹೊಲಿಗೆ ನನ್ನದಕ್ಕಿಂತ ಸಣ್ಣದೂ ಸಮನಾದದ್ದೂ ಆಯಿತು. ಗುರುವಿಗೇ ತಿರುಮಂತ್ರ ಎನ್ನುತ್ತಾರೆ. ಅವಳು ಯಾವ ಮಂತ್ರವನ್ನೂ ಹಾಕಲಿಲ್ಲ, ಯಾರು ಹೊಗಳಿದರೂ ‘ಎಲ್ಲಾ ನಮ್ಮಕ್ಕ ಕಲಿಸಿದ್ದು’ ಎಂದು ನನ್ನ ಕಡೆ ತೋರಿಸುತ್ತಿದ್ದಳು. ಅದೇ ನನಗೆ ಉರಿಯುತ್ತಿತ್ತು. ಅವಳು ಬೈದಿದ್ದರೆ ನಾನೂ ಬೈಯಬಹುದಿತ್ತು.

ಸಂಘದ ಹೆಂಗಸರು ತೋಳು ಕೂಡಿಸುವ ಮಾತನ್ನು ಅವಳ ಹತ್ತಿರ ಕೇಳತೊಡಗಿದರು. ನನಗಿಂತ ಎರಡು ವರ್ಷ ಚಿಕ್ಕವಳು, ಆದರೂ ಎಲ್ಲರಿಗೂ ಅವಳು ಅಕ್ಕ. ನನ್ನ ಅತ್ತೆ, ನಾನು ಮಾಡಿದ ಸಾರಿಗೆ ಮದುವೆಯಾದಂದಿನಿಂದ ಒಂದು ಒಳ್ಳೆಯ ಮಾತನ್ನೂ ಆಡದವರು, ಅವಳು ಹಿತ್ತಲ ಗೋಡೆಯ ಮೇಲಿಂದ ಕೊಟ್ಟ ಗೊಜ್ಜನ್ನು ಬೆರಳು ನೆಕ್ಕಿಕೊಂಡು ತಿಂದರು. ನಾನು ಅವತ್ತು ಮಧ್ಯಾಹ್ನ ತಲೆನೋವೆಂದು ಮಲಗಿದೆ. ಗೋಡೆಯಾಚೆ ಅವಳ ಮಿಷಿನ್ನಿನ ಸದ್ದು ಒಂದೇ ಸಮನೆ ಕೇಳುತ್ತಿತ್ತು, ಎಲ್ಲೂ ತಡೆಯುತ್ತಿರಲಿಲ್ಲ.

ಯುದ್ಧದ ಕೊನೆಯ ವರ್ಷ, ಯುಗಾದಿ ಕಳೆದ ಮೇಲೆ, ಸಂಘದ ಸೆಕ್ರೆಟರಿಯಾಗಿದ್ದಾಕೆ ಗಂಡನಿಗೆ ವರ್ಗವಾಗಿ ಮದರಾಸಿಗೆ ಹೊರಟರು. ಆ ಜಾಗಕ್ಕೆ ಹೆಂಗಸರು ಅವಳ ಹೆಸರನ್ನು ಹೇಳಿದರು. ಅವಳು ಬೇಡವೆಂದಳು, ಅವರು ಬಿಡಲಿಲ್ಲ. ನಾನು ಎದ್ದು ನಿಂತು ನಾನೂ ನಿಲ್ಲುತ್ತೇನೆ ಎಂದೆ. ದೊಡ್ಡ ಟೀಚರ್, ಸಂತೋಷ, ಹಾಗಾದರೆ ಚುನಾವಣೆಯೇ ಆಗಲಿ ಎಂದರು. ಓದು ಬಾರದವರೂ ಇದ್ದುದರಿಂದ ಅಂಗಿಯ ಗುಂಡಿಯಲ್ಲಿ ಮತ ಹಾಕುವುದೆಂದು ತೀರ್ಮಾನವಾಯಿತು. ಪ್ರತಿಯೊಬ್ಬರಿಗೂ ಒಂದು ಬಿಳಿ, ಒಂದು ಕಪ್ಪು ಗುಂಡಿ. ಬಿಳಿ ಅವಳಿಗೆ, ಕಪ್ಪು ನನಗೆ. ಬೇಕಾದ್ದನ್ನು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ, ಬೇಡದ್ದನ್ನು ಪಕ್ಕದ ಬುಟ್ಟಿಗೆ ಬಿಡುವುದು.

ನೋಟೀಸು ಬರೆಯುವ ಕೆಲಸ ಎಂದಿನಂತೆ ನನ್ನ ಪಾಲಿಗೆ ಬಂತು, ನನ್ನ ಅಕ್ಷರ ದುಂಡಗಿತ್ತು. ಸಂಘ ಮಿಲಿಟರಿ ಕೆಲಸದ್ದಾದ್ದರಿಂದ ಅಲ್ಲಿನ ಗಡಿಯಾರ ಹೊಸ ಟೈಮಿನದು. ಅದಕ್ಕೇ ನಾನು ಯಾವ ನೋಟೀಸಿನಲ್ಲೂ ಗಂಟೆಯ ಮುಂದೆ ‘ಹೊಸ ಟೈಮು’ ಎಂದು ಬರೆಯುತ್ತಿದ್ದೆ. ಸಂಘದಲ್ಲಿ ಒಂಬತ್ತು ಜನ ಕಗ್ಗದಾಸಪುರದ ಹೆಂಗಸರಿದ್ದರು. ಅವರಿಗೆ ಹೊಲಿಯುವ ಬಟ್ಟೆ ಸೊಪ್ಪಿನ ಗಾಡಿಯಲ್ಲಿ ಹೋಗಿ ಅದೇ ಗಾಡಿಯಲ್ಲಿ ವಾಪಸ್ ಬರುತ್ತಿತ್ತು. ಆ ಹಳ್ಳಿ ಪೂರಾ ಹಳೇ ಟೈಮಿನಲ್ಲಿತ್ತು. ಅವರೆಲ್ಲ ಅವಳ ಕಡೆಯವರೆಂದು ನನಗೆ ಗೊತ್ತಿತ್ತು, ಅವಳು ಎರಡು ಮೂರು ಸಲ ಅಲ್ಲಿಗೆ ಹೋಗಿ ಅವರಿಗೆ ಕೆಲಸ ತೋರಿಸಿಕೊಟ್ಟು ಬಂದಿದ್ದಳು. ನೋಟೀಸಿನಲ್ಲಿ ‘ಶನಿವಾರ ಎರಡರಿಂದ ನಾಲ್ಕು ಗಂಟೆಯವರೆಗೆ’ ಎಂದು ಬರೆದು, ಲೇಖನಿ ಎತ್ತಿ ಸ್ವಲ್ಪ ಹೊತ್ತು ಕೂತೆ. ಆಮೇಲೆ ಶಾಯಿ ಒರೆಸಿ ಮುಚ್ಚಳ ಹಾಕಿದೆ. ಮರೆತೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ.

ಶನಿವಾರ ಎರಡಕ್ಕೆ ಹಲಸೂರಿನವರು ಬಂದರು. ಯಾವ ಟೈಮೆಂದು ಅವರು ಕೇಳಬೇಕಾಗಿಯೇ ಇರಲಿಲ್ಲ, ಸಂಘದ ಗಡಿಯಾರದ ಗಂಟೆ ಅವರ ಮನೆಗಳಿಗೇ ಕೇಳಿಸುತ್ತಿತ್ತು. ಅವಳ ಮನೆಗೂ ಕೇಳುತ್ತಿತ್ತು, ಆದರೆ ಅವಳು ಅವತ್ತು ಬೆಳಿಗ್ಗೆಯೇ ಬ್ಲ್ಯಾಕ್‌ಪಳ್ಳಿಯ ತವರಿಗೆ ಹೋಗಿ ಅಲ್ಲಿಂದ ನೇರ ಬಂದಳು. ಅವಳು ಬಾಗಿಲಿಗೆ ಬಂದಾಗ ಗಡಿಯಾರದಲ್ಲಿ ಮೂರು. ಮುಳ್ಳನ್ನು ನೋಡಿ ಹೊಸ್ತಿಲ ಮೇಲೆ ನಿಂತಳು, ಗೋಡೆಯ ನೋಟೀಸನ್ನು ನೋಡಿದಳು. ಆಮೇಲೆ ಒಳಗೆ ಬಂದು ಗುಂಡಿ ಹಾಕಿ, ಕಿಟಕಿಯ ಹತ್ತಿರ ಕೂತಳು. ಕಗ್ಗದಾಸಪುರಕ್ಕೆ ಹೇಳಿಕಳಿಸಿ ಕರೆಸಲು ಇನ್ನು ಹೊತ್ತಿರಲಿಲ್ಲ, ಅದು ನಡೆದು ಬರುವ ದಾರಿ. ನಾಲ್ಕು ಹೊಡೆಯುವವರೆಗೂ ಅವಳು ಗೇಟಿನ ಕಡೆಯೇ ನೋಡುತ್ತಿದ್ದಳು. ನಾನು ಅವಳನ್ನು ನೋಡುತ್ತಿದ್ದೆ.

ನಾಲ್ಕಕ್ಕೆ ದೊಡ್ಡ ಟೀಚರ್ ಡಬ್ಬ ಮುಚ್ಚಿ ಎಣಿಸಿದರು. ಕಪ್ಪು ಇಪ್ಪತ್ತೇಳು, ಬಿಳಿ ಇಪ್ಪತ್ತಮೂರು. ಅದನ್ನು ಪುಸ್ತಕದಲ್ಲಿ ಬರೆಯುತ್ತಿದ್ದಾಗ, ಐದಕ್ಕೆ ಇನ್ನೂ ಕಾಲು ಗಂಟೆ ಇರುವಾಗ, ಒಂಬತ್ತು ಜನ ಗೇಟು ದಾಟಿ ಬಂದರು. ಮೊಳಕಾಲವರೆಗೆ ಧೂಳು, ಆದರೆ ಎಲ್ಲರೂ ಒಗೆದ ಸೀರೆ ಉಟ್ಟಿದ್ದರು. ಮುಂದಿದ್ದವಳು ಕೌದಿ ಹೊಲಿಯುವುದರಲ್ಲಿ ಹೆಸರಾದ ಒಬ್ಬ ಅಜ್ಜಿ. ಮುಗಿಯಿತು ಎಂದು ಹೇಳಿದ್ದಕ್ಕೆ ಅವಳು ಅಂಗಳದ ನೆರಳನ್ನು ತೋರಿಸಿದಳು.

“ನಾಕಕ್ಕೆ ಇನ್ನೂ ಒತ್ತೈತೆ ಕಣವ್ವ,” ಎಂದಳು.

ದೊಡ್ಡ ಟೀಚರ್ ನೋಟೀಸನ್ನು ಮೊಳೆಯಿಂದ ಕಿತ್ತು ತಂದು ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ನೋಡಿದರು. ಸಂಘದ್ದು ಹೊಸ ಟೈಮೆಂದು ಎಲ್ಲರಿಗೂ ಗೊತ್ತೇ ಇದೆಯಲ್ಲ ಎಂದೆ. ಕೋಣೆಯಲ್ಲಿ ಮಾತು ಎದ್ದಿತು. ಕೆಲವರು ಈ ಒಂಬತ್ತನ್ನೂ ಸೇರಿಸಿ ಎಂದರು, ಎಣಿಸಿ ಆದ ಮೇಲೆ ಹೇಗೆ ಸೇರಿಸುವುದೆಂದು ಇನ್ನು ಕೆಲವರು. ಅವಳು ಮಾತ್ರ ಬಾಯಿ ಬಿಡಲಿಲ್ಲ. ಕೊನೆಗೆ ದೊಡ್ಡ ಟೀಚರ್ ನಾನು ಗೆದ್ದೆನೆಂದು ಬರೆದು, ಅದರ ಕೆಳಗೆ ‘ತಕರಾರು ಇದೆ’ ಎಂದೂ ಬರೆದರು. ಗುಂಡಿಗಳನ್ನು ಡಬ್ಬಕ್ಕೆ ಹಾಕಿ, ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿ ಬೀರುವಿನಲ್ಲಿಟ್ಟರು.

ಮಾರನೆಯ ವಾರ ಎಂದಿನ ಹೊತ್ತಿಗೆ ಅವಳು ಬಂದು, ಯಾವ ಬಟ್ಟೆ ಹೊಲೀಲಿ ಎಂದು ನನ್ನನ್ನು ಕೇಳಿದಳು. ಕೊಟ್ಟೆ. ಸೆಕ್ರೆಟರಿಯ ಕುರ್ಚಿಯಲ್ಲಿ ಕೂತವಳು ನಾನು, ಆದರೆ ಕೋಣೆಗೆ ಬಂದವರೆಲ್ಲ ಕಿಟಕಿಯ ಹತ್ತಿರ ಅವಳ ಸುತ್ತ ಕೂರುತ್ತಿದ್ದರು. ಅಲ್ಲಿಂದ ನಗು ಕೇಳಿದರೆ ನನ್ನ ಬಗ್ಗೆಯೇ ಎನ್ನಿಸುತ್ತಿತ್ತು. ಗೆದ್ದ ಮೇಲೆ ಹೊಟ್ಟೆಕಿಚ್ಚು ತಣಿಯುತ್ತದೆ ಎಂದುಕೊಂಡಿದ್ದೆ, ಅದು ಇನ್ನೂ ಹೆಚ್ಚಾಯಿತು. ಮೊದಲಾದರೆ ಅವಳಿಗೆ ಸಿಗುವುದನ್ನು ಕಂಡು ಉರಿಯುತ್ತಿದ್ದೆ. ಈಗ ಕಸಿದುಕೊಂಡರೂ ಅವಳ ಹತ್ತಿರವೇ ಉಳಿದದ್ದನ್ನು ಕಂಡು ಉರಿಯುತ್ತಿದ್ದೆ.

ಯುದ್ಧ ಮುಗಿಯಿತು. ದೀಪಾವಳಿಗೆ ಮುಂಚೆ, ಗಡಿಯಾರಗಳನ್ನು ಮತ್ತೆ ಒಂದು ಗಂಟೆ ಹಿಂದಕ್ಕೆ ಇಡಬೇಕೆಂದು ಸರ್ಕಾರದ ಪ್ರಕಟಣೆ ಬಂತು. ಅದು ಬಂದ ವಾರವೇ ಅಜ್ಜಿ ಸೊಪ್ಪಿನ ಗಾಡಿಯಲ್ಲಿ ಕೂತು ಸಂಘಕ್ಕೆ ಬಂದಳು. ಬಟ್ಟೆಯ ಗಂಟನ್ನು ಇಳಿಸಿ, ದೊಡ್ಡ ಟೀಚರ ಮುಂದೆ ನೆಲದ ಮೇಲೆ ಕೂತಳು.

“ಅವತ್ತು ನಮ್ ನಾಕಕ್ಕೂ ನಿಮ್ ನಾಕಕ್ಕೂ ಮದ್ಯ ಒಂದ್ ಗಂಟೆ ಇತ್ತಲ್ಲ ತಾಯಿ, ಅದನ್ನ ಸರ್ಕಾರದೋರು ಮಡಿಕ್ಕಂಡಿದ್ರು. ಈಗ ವಾಪಸ್ ಕೊಡ್ತಾವ್ರಂತೆ. ಕೊಟ್ರೆ ನಮ್ದು ನಮಗೆ ಕೊಡಿ. ನಾವು ಆ ಗಂಟೆ ಒಳಗೇ ಬಂದಿದ್ವಿ,” ಎಂದಳು.

ನಾನು ನಕ್ಕೆ. ನನ್ನ ಜೊತೆ ಇನ್ಯಾರೂ ನಗಲಿಲ್ಲ. ದೊಡ್ಡ ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಆಮೇಲೆ ಪುಸ್ತಕ ತರಿಸಿ ‘ತಕರಾರು ಇದೆ’ ಎಂಬ ಸಾಲನ್ನು ಓದಿದರು. ಸಂಘದ ಗಡಿಯಾರವನ್ನು ಯಾರೂ ಮುಟ್ಟಬಾರದು, ಶನಿವಾರ ಐದು ಗಂಟೆಗೆ ಎಲ್ಲರ ಮುಂದೆ ಅದನ್ನು ನಾಲ್ಕಕ್ಕೆ ಇಡಬೇಕು, ಆ ನಾಲ್ಕರಿಂದ ಐದರವರೆಗೆ ಡಬ್ಬ ತೆರೆದಿರುತ್ತದೆ, ಅವತ್ತು ಹಾಕದ ಒಂಬತ್ತು ಜನ ಹಾಕಬಹುದು ಎಂದರು.

“ನಾವು ಆವತ್ತಿನ ಮಧ್ಯಾಹ್ನಕ್ಕೆ ವಾಪಸ್ ಹೋಗ್ತಿದ್ದೀವಿ ಅಂತ ತಿಳ್ಕೊಳ್ಳಿ. ಆಮೇಲೆ ನಡೆದದ್ದು ಯಾವುದೂ ಇನ್ನೂ ನಡೆದಿಲ್ಲ.”

ಹಾಗಾದರೆ ಯುದ್ಧ ಇನ್ನೂ ಮುಗಿದಿಲ್ಲವೇ ಎಂದು ಒಬ್ಬಾಕೆ ಕೇಳಿದಳು. ಆ ಒಂದು ಗಂಟೆಯ ಮಟ್ಟಿಗೆ ಮುಗಿದಿಲ್ಲ ಎಂದು ದೊಡ್ಡ ಟೀಚರ್ ಸಮಾಧಾನವಾಗಿಯೇ ಉತ್ತರ ಕೊಟ್ಟರು.

ಮನೆಗೆ ಬಂದು ಹೇಳಿದಾಗ ಯಜಮಾನರು, ಇದು ಯಾವ ಕಾನೂನಿನಲ್ಲೂ ಇಲ್ಲ, ನೀನು ಆಕ್ಷೇಪ ಬರೆದು ಕೊಡಬಹುದು ಎಂದರು. ಅತ್ತೆ ಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತದೆ, ನಿಜವಾಗಿ ಗೆದ್ದವಳಿಗೆ ಒಂದು ಗಂಟೆಯ ಹೆದರಿಕೆ ಯಾಕೆ ಎಂದು ಕೇಳಿದರು. ಆಕ್ಷೇಪ ಬರೆಯಲಿಲ್ಲ. ಅದರ ಬದಲು ಗುರುವಾರ ಕಗ್ಗದಾಸಪುರಕ್ಕೆ ನಡೆದೆ. ಒಂಬತ್ತರಲ್ಲಿ ಮೂವರನ್ನು ನನ್ನ ಕಡೆ ತಿರುಗಿಸಿಕೊಂಡರೆ ಸಾಕು ಎಂದು ಲೆಕ್ಕ ಹಾಕಿದ್ದೆ. ಈಗ ಇಂದಿರಾನಗರ ಇರುವ ಕಡೆ ಆಗ ರಾಗಿ ಹೊಲ, ಮಿಲಿಟರಿಯವರ ಮುಳ್ಳುತಂತಿ. ಅದನ್ನು ದಾಟಿ, ವಿಮಾನದ ಕಾರ್ಖಾನೆಯ ಬೇಲಿಯ ಪಕ್ಕ ಹೋಗಬೇಕು. ಬಿಸಿಲು ಜೋರಾಗಿತ್ತು. ಅಷ್ಟು ದೂರ ಒಬ್ಬಳೇ ನಾನು ಅದುವರೆಗೆ ಎಲ್ಲೂ ಹೋದವಳಲ್ಲ.

ಹೋದ ಪ್ರತಿ ಮನೆಯಲ್ಲೂ ಅವಳೇ ಇದ್ದಳು. ಒಂದು ಮನೆಯ ತೊಟ್ಟಿಲಿಗೆ ಲೇಸು, ಅವಳು ತಂದುಕೊಟ್ಟದ್ದು. ಇನ್ನೊಂದು ಮನೆಯ ಸೊಸೆ ತೊಟ್ಟ ರವಿಕೆ, ಅವಳು ಕತ್ತರಿಸಿದ್ದು, ನಾನು ಅವಳಿಗೆ ಹೇಳಿಕೊಟ್ಟ ಅದೇ ತೋಳು. ನನ್ನನ್ನು ಅಲ್ಲಿ ‘ಅಕ್ಕನ ಪಕ್ಕದ ಮನೆಯವರು’ ಎಂದು ಪರಿಚಯ ಮಾಡಿಸಿದರು. ಯಾರ ಹತ್ತಿರವೂ ನನಗೆ ಹಾಕಿ ಎಂದು ಕೇಳಲು ಬಾಯಿ ಬರಲಿಲ್ಲ. ಕೊನೆಗೆ ಅಜ್ಜಿಯ ಜಗಲಿಯಲ್ಲಿ ಕೂತೆ. ಅವಳು ಹಸಿ ಕಡಲೆಕಾಯಿ ಬೇಯಿಸಿ ತಂದಿಟ್ಟಳು. ಅವತ್ತು ನೋಟೀಸನ್ನು ನಿಮಗೆ ಓದಿ ಹೇಳಿದವರು ಯಾರು ಎಂದು ಕೇಳಿದೆ. ಅವಳೇ, ಗಾಡಿಯವನ ಕೈಲಿ ಹೇಳಿಕಳಿಸದೆ ತಾನೇ ಬಂದು ಹೇಳಿದಳು ಎಂದಳು ಅಜ್ಜಿ.

“ಹಳೇದೋ ಹೊಸದೋ ಅಂತ ನಾನೇ ಕೇಳ್ದೆ. ‘ಹೊಸ ಟೈಮಾದ್ರೆ ನಮ್ಮಕ್ಕ ಹೊಸ ಟೈಮು ಅಂತ್ಲೇ ಬರೀತಾಳೆ, ಬರೆದಿಲ್ಲ ಅಂದ್ರೆ ಹಳೇದೇ’ ಅಂದ್ಲು. ನಿನ್ನೇ ಅಲ್ವಾ ಅವ್ಳು ಅಕ್ಕ ಅನ್ನೋದು?”

ಕಡಲೆಕಾಯಿ ಸಿಪ್ಪೆ ನನ್ನ ಮಡಿಲಲ್ಲೇ ಉಳಿಯಿತು. ಅವಳು ಸೋತದ್ದು ನಾನು ಬಿಟ್ಟ ಪದದಿಂದಲ್ಲ, ನನ್ನ ಕೈಬರಹದ ಮೇಲೆ ಇಟ್ಟ ನಂಬಿಕೆಯಿಂದ. ಮೂರು ಗಂಟೆಗೆ ಹೊಸ್ತಿಲ ಮೇಲೆ ನಿಂತಾಗಲೇ ಅವಳಿಗೆ ಎಲ್ಲ ತಿಳಿದಿರಬೇಕು. ಅಷ್ಟಾಗಿಯೂ ಎಲ್ಲರ ಮುಂದೆ ಒಂದು ಮಾತು ಆಡಲಿಲ್ಲ. ನಾನಾಗಿದ್ದರೆ ಊರು ಒಂದು ಮಾಡುತ್ತಿದ್ದೆ. ವಾಪಸ್ ಬರುವಾಗ ನಾಚಿಕೆಯಾಯಿತು ಎಂದರೆ ಅರ್ಧ ಸತ್ಯ. ಹೆಚ್ಚಾಗಿ ಆದದ್ದು ಮತ್ತೆ ಹೊಟ್ಟೆಕಿಚ್ಚೇ. ಹೊಲಿಗೆ, ಮಾತು, ಜನ ಎಲ್ಲದರ ಜೊತೆಗೆ ಇದೂ ಅವಳಿಗೇ ಇದೆಯಲ್ಲ ಎಂದು.

ಶನಿವಾರ ಕೋಣೆ ತುಂಬಿತ್ತು. ಒಂಬತ್ತು ಜನರಲ್ಲಿ ಒಬ್ಬಳು ಅಷ್ಟರಲ್ಲಿ ಮದುವೆಯಾಗಿ ಹೊಸಕೋಟೆ ಕಡೆಗೆ ಹೋಗಿದ್ದಳು, ಅವಳನ್ನೂ ಕರೆಸಿಕೊಂಡಿದ್ದರು. ಗಡಿಯಾರಕ್ಕೆ ಕೀಲಿ ಕೊಡುವುದು ಸೆಕ್ರೆಟರಿಯ ಕೆಲಸ. ಐದು ಹೊಡೆದಾಗ ಸ್ಟೂಲು ಹಾಕಿಕೊಂಡು ಹತ್ತಿದೆ. ಗಂಟೆ ಹೊಡೆಯುವ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸುವಂತಿಲ್ಲ, ಯಂತ್ರ ಕೆಡುತ್ತದೆ. ಹಿಂದಿನ ಗಂಟೆಗೆ ಹೋಗಬೇಕಾದರೆ ಹನ್ನೊಂದು ಗಂಟೆ ಮುಂದಕ್ಕೆ ತಿರುಗಿಸಬೇಕು, ಪ್ರತಿ ಗಂಟೆಗೂ ನಿಂತು ಅದು ಹೊಡೆದು ಮುಗಿಸುವವರೆಗೆ ಕಾಯಬೇಕು. ಆರು ಹೊಡೆಯಿತು. ಏಳು ಹೊಡೆಯಿತು. ಹೆಂಗಸರಲ್ಲಿ ಯಾರೋ ಜೊತೆಜೊತೆಗೆ ಎಣಿಸತೊಡಗಿದರು. ಹತ್ತು, ಹನ್ನೊಂದು, ಹನ್ನೆರಡು ಮುಗಿಯುವ ಹೊತ್ತಿಗೆ ಎತ್ತಿದ ಕೈ ಮರಗಟ್ಟಿ ಹೋಗಿತ್ತು. ನಾನು ಎಲ್ಲರಿಗೂ ಬೆನ್ನು ಮಾಡಿ ನಿಂತಿದ್ದೆ. ಅವಳು ಕಿಟಕಿಯ ಹತ್ತಿರ ಕೂತು ನನ್ನ ಬೆನ್ನನ್ನೇ ನೋಡುತ್ತಿದ್ದಾಳೆ ಎಂದು ತಿರುಗದೆಯೂ ಗೊತ್ತಾಗುತ್ತಿತ್ತು. ಒಂದು, ಎರಡು, ಮೂರು. ನಾಲ್ಕಕ್ಕೆ ಮುಳ್ಳನ್ನು ತರುವ ಮುಂಚೆ ಒಂದು ಗಳಿಗೆ, ಈಗ ಜೋರಾಗಿ ಎಳೆದರೆ ಇದರ ಸ್ಪ್ರಿಂಗು ಮುರಿದೇ ಹೋಗುತ್ತದೆ ಎಂಬ ಯೋಚನೆ ಬಂತು. ಎಳೆಯಲಿಲ್ಲ. ನಾಲ್ಕು ಹೊಡೆಯಿತು, ಇಳಿದೆ.

ಒಂಬತ್ತು ಜನ ಸಾಲಾಗಿ ಬಂದು ಹಾಕಿದರು. ಕಾಲು ಗಂಟೆಯೂ ಬೇಕಾಗಲಿಲ್ಲ, ಆದರೂ ದೊಡ್ಡ ಟೀಚರ್ ಐದು ಹೊಡೆಯುವವರೆಗೆ ಡಬ್ಬ ಮುಚ್ಚಲಿಲ್ಲ. ಆ ಗಂಟೆ ಪೂರಾ ಅವರದೇ ಎಂದರು. ಎಣಿಸಿದಾಗ ಬಿಳಿ ಮೂವತ್ತೊಂದು, ಕಪ್ಪು ಇಪ್ಪತ್ತೆಂಟು. ದೊಡ್ಡ ಟೀಚರ್ ಪುಸ್ತಕದಲ್ಲಿ ಹಳೆಯ ಸಾಲನ್ನು ಹೊಡೆದುಹಾಕಿ, ಅವಳು ಏಪ್ರಿಲ್ ತಿಂಗಳಿಂದಲೂ ಸೆಕ್ರೆಟರಿ ಎಂದು ಬರೆದರು. ಅಂದರೆ ನಾನು ಆ ಕುರ್ಚಿಯಲ್ಲಿ ಒಂದು ದಿನವೂ ಕೂತಿರಲಿಲ್ಲ.

ಬೀರುವಿನ ಬೀಗದಕೈ ಅವಳ ಕೈಗೆ ಕೊಟ್ಟು ಹೊರಗೆ ಬಂದಾಗ ಅಜ್ಜಿ ಗೇಟಿನ ಹತ್ತಿರ ನನಗಾಗಿ ಕಾಯುತ್ತಿದ್ದಳು.

“ಆ ಒಂದು ಕರೀದು ನಂದೇ ಕಣವ್ವ. ಬಿಸ್ಲಾಗೆ ಒಬ್ಳೇ ನಡ್ಕಂಡ್ ಬಂದಿದ್ಯಲ್ಲ,” ಎಂದು ಹೇಳಿ ಗಾಡಿ ಹತ್ತಿದಳು. ದೊಡ್ಡ ಟೀಚರ ಲೆಕ್ಕದಲ್ಲಿ ನಾನು ಆ ದಾರಿ ಇನ್ನೂ ನಡೆದೇ ಇರಲಿಲ್ಲ. ಅಜ್ಜಿ ಅದನ್ನೆಲ್ಲ ತಲೆಗೆ ಹಾಕಿಕೊಂಡಂತೆ ಕಾಣಲಿಲ್ಲ.

ಎರಡು ದಿನ ನಾನು ಹಿತ್ತಲಿಗೆ ಹೋಗಲಿಲ್ಲ. ಮೂರನೆಯ ದಿನ ಬಟ್ಟೆ ಒಣಗಿಸುವಾಗ ಗೋಡೆಯಾಚೆ ಅವಳೂ ಒಣಗಿಸುತ್ತಿದ್ದಳು. ಮುಖ ಕಾಣುತ್ತಿರಲಿಲ್ಲ, ಬಳೆಯ ಸದ್ದು ಮಾತ್ರ. ಮುಖ ಕಾಣದ್ದರಿಂದಲೇ ಹೇಳಲಾಯಿತೋ ಏನೋ.

“ಆ ಪದ ನಾನು ಬೇಕಂತ್ಲೇ ಬಿಟ್ಟೆ,” ಎಂದೆ.

ಬಳೆಯ ಸದ್ದು ನಿಂತಿತು. “ಗೊತ್ತು,” ಎಂದಳು.

“ಗೊತ್ತಿದ್ರೆ ಅವತ್ತೇ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ನನ್ನ ಜೊತೆ ಮಾತು ಬಿಡ್ತಿದ್ದೆ. ಈ ಬೀದೀಲಿ ಮೊದಲು ನನ್ನ ಒಳಗೆ ಕರೆದೋಳು ನೀನೇ ಅಲ್ವಾ.” ಒದ್ದೆ ಬಟ್ಟೆ ಕೊಡವಿ ಸೇರಿಸಿದಳು, “ಸಿಟ್ಟು ಬಂದಿತ್ತು ಕಣಕ್ಕ. ನಿನ್ನ ಹೆಸರು ಹೇಳ್ಕೊಂಡು ಒಂದ್ ವಾರ ಮಿಷಿನ್ ತುಳಿದಿದ್ದೀನಿ.”

ಆ ಮಾತು ಕೇಳಿ ನನಗೆ ಹಗುರವಾಯಿತು. ಅವಳಿಗೂ ಸಿಟ್ಟು ಬರುತ್ತದೆ ಎಂಬುದು ಅದುವರೆಗೆ ನನಗೆ ಹೊಳೆದೇ ಇರಲಿಲ್ಲ.

ಅವಳ ಅಧಿಕಾರ ಹೆಚ್ಚು ಕಾಲ ನಡೆಯಲಿಲ್ಲ. ಯುದ್ಧ ಮುಗಿದ ಮೇಲೆ ಆಸ್ಪತ್ರೆಯ ಅಂಗಿಗಳೂ ಕಡಿಮೆಯಾಗಿ, ಮರುವರ್ಷದ ಮಳೆಗಾಲಕ್ಕೆ ಸಂಘ ಮುಚ್ಚಿತು. ದೊಡ್ಡ ಟೀಚರ್ ಉಳಿದ ಬಟ್ಟೆಯನ್ನು ಎಲ್ಲರಿಗೂ ಹಂಚಿ ಕೋಣೆಯನ್ನು ಶಾಲೆಗೆ ಒಪ್ಪಿಸಿದರು. ಆಮೇಲೆ ನಾವಿಬ್ಬರೂ ನಮ್ಮ ನಡುಮನೆಯಲ್ಲಿ ಕೂತು ಬೀದಿಯ ಮಕ್ಕಳಿಗೆ ಲಂಗ ಹೊಲಿಯುತ್ತಿದ್ದೆವು. ಅವಳ ಹೊಲಿಗೆಯನ್ನು ಜನ ಹೊಗಳಿದಾಗ ನನ್ನ ಹೊಟ್ಟೆಯೊಳಗೆ ಎಂದಿನ ಕಡೆಯೇ ಚುರುಕ್ ಎನ್ನುತ್ತಿತ್ತು. ಅದನ್ನು ಅವಳಿಗೆ ಹೇಳುತ್ತಿದ್ದೆ, ಅವಳು ನಗುತ್ತಿದ್ದಳು.

ಸ್ವಾತಂತ್ರ್ಯ ಬಂದ ಮರುವರ್ಷ ಅವಳ ಗಂಡನಿಗೆ ಪೂನಾಕ್ಕೆ ವರ್ಗವಾಯಿತು. ಸ್ಟೇಷನ್ನಿಗೆ ನಾನೂ ಅತ್ತೆಯೂ ಹೋಗಿದ್ದೆವು. ಅತ್ತೆ ನನ್ನ ಮುಂದೆಯೇ ಅವಳನ್ನು ತಬ್ಬಿಕೊಂಡು ಅತ್ತರು. ಗಾಡಿ ಇನ್ನೂ ಹೊರಟಿರಲಿಲ್ಲ, ನಾನು ಕಿಟಕಿಯ ಹತ್ತಿರ ನಿಂತು ಏನೋ ಹೇಳಬೇಕೆಂದು ಹುಡುಕುತ್ತಿದ್ದೆ. ಅಷ್ಟರಲ್ಲಿ ಎದುರಿನ ಸೀಟಿನಲ್ಲಿದ್ದ ಹೆಂಗಸೊಬ್ಬಳು, ಯಾರೋ ಏನೋ, ತನ್ನ ಮಗುವಿನ ಕುಲಾವಿಯನ್ನು ಅವಳಿಗೆ ತೋರಿಸಿ ತಮಿಳಿನಲ್ಲಿ ಏನೋ ಕೇಳಿದಳು. ಇವಳು ಅದನ್ನು ಕೈಗೆ ತೆಗೆದುಕೊಂಡು ಹೊಲಿಗೆ ತಿರುಗಿಸಿ ನೋಡಿ ವಿವರಿಸತೊಡಗಿದಳು. ಗಾಡಿ ಕದಲಿದಾಗ ತಿರುಗಿ ಕೈ ಆಡಿಸಿದಳು. ನಾನೂ ಆಡಿಸಿದೆ. ನನ್ನ ಕಣ್ಣು ಮಾತ್ರ ಆ ಎದುರಿನ ಸೀಟಿನವಳ ಮೇಲಿತ್ತು. ಪೂನಾದವರೆಗೂ ಅವಳು ಅಲ್ಲಿಯೇ ಕೂತಿರುತ್ತಾಳಲ್ಲ ಎಂದು ನನಗೆ ತಡೆಯಲಾರದಷ್ಟು ಉರಿಯಿತು.